ಮಂಗಮ್ಮನ ಕಿಟಕಿ ಸೀಟು

"ಅಕ್ಕ, ಒಂಚೂರು ಕೆಳಗಿಳೀತೀರಾ?"

ನರೇಂದ್ರ ಬಸ್ಸಿನ ಕಿಟಕಿಯ ಕೆಳಗೆ ನಿಂತು ಕೇಳಿದಾಗ ಮಂಗಮ್ಮ ಶೂ ಲೇಸಿನ ಜೊತೆ ಗುದ್ದಾಡುತ್ತಿದ್ದಳು. ಬಿಳಿ ಕ್ಯಾನ್ವಾಸ್ ಶೂ. ಗುಹೆಯೊಳಗೆ ನೆಲ ಒದ್ದೆ ಇರುತ್ತೆ, ಚಪ್ಪಲಿ ಜಾರುತ್ತೆ ಅಜ್ಜಿ ಎಂದು ಮೊಮ್ಮಗಳು ಶಾಲಿನಿ ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ಕೊಡಿಸಿದ್ದಳು. ಅರವತ್ತು ದಾಟಿದ ಮೇಲೆ ಲೇಸು ಕಟ್ಟುವುದನ್ನು ಕಲಿಯಲು ಹೋದವರ ಪಾಡು ಯಾರಿಗೂ ಬೇಡ. ಒಂದು ಕಾಲಿನದು ಗಂಟಾಗಿತ್ತು, ಇನ್ನೊಂದರದು ಬಿಚ್ಚಿಕೊಂಡಿತ್ತು.

"ಇಳೀತೀನಿ ಇರಪ್ಪ. ಎಲ್ರೂ ಹೊಂಟ್ರಾ? ನನ್ ಟಿಕೆಟು?"

"ನಿಮ್ ಟಿಕೆಟ್ ಇಲ್ಲೇ ಇದೆ," ಎಂದು ಅವನು ಅಂಗಿಯ ಜೇಬು ತಟ್ಟಿಕೊಂಡ. "ಅದಲ್ಲ ಅಕ್ಕ. ಒಂದು ಫಜೀತಿ ಆಗ್ಬಿಟ್ಟಿದೆ."

ಮಂಗಮ್ಮನಿಗೆ ಫಜೀತಿ ಎಂಬ ಮಾತು ಹೊಸದಲ್ಲ. ನರೇಂದ್ರ ಬನಶಂಕರಿಯಲ್ಲಿ ಒಂದು ಬೇಕರಿಯ ಮೇಲಿನ ಸಣ್ಣ ರೂಮಿನಲ್ಲಿ ಕೂತು ಪ್ರವಾಸದ ಬಸ್ಸು ಹೊರಡಿಸಲು ಶುರುಮಾಡಿದ ದಿನದಿಂದಲೂ ಅವನ ಬಸ್ಸಿನ ಅಡಿಗೆ ಅವಳದೇ. ಅದಕ್ಕೂ ಮುಂಚೆ ಅವನು ಬೇರೆಯವರ ಬಸ್ಸಿನಲ್ಲಿ ಕ್ಲೀನರ್ ಆಗಿದ್ದಾಗ ಎಲ್ಲರ ಊಟ ಮುಗಿದ ಮೇಲೆ ತಟ್ಟೆ ಹಿಡಿದು ಬರುತ್ತಿದ್ದ. ಅವನಿಗೆಂದು ಅವಳು ಮೊದಲೇ ಎತ್ತಿಟ್ಟಿರುತ್ತಿದ್ದಳು. ಆಗಿನಿಂದ ಅಕ್ಕ. ಪ್ರತಿ ಗೌರಿ ಹಬ್ಬಕ್ಕೆ ಗೊಟ್ಟಿಗೆರೆಯ ಅವಳ ಮನೆಗೆ ಸೀರೆ, ಹೂವು, ಬಾಳೆಹಣ್ಣು ಹಿಡಿದು ಬರುತ್ತಿದ್ದ. ತವರಿನಲ್ಲಿ ಯಾರೂ ಉಳಿದಿಲ್ಲದ ಹೆಂಗಸಿಗೆ ಅದು ಸಣ್ಣ ವಿಷಯವಲ್ಲ.

ಅವನ ಬಸ್ಸಿನಲ್ಲಿ ಮಂಗಮ್ಮ ಕಾಶಿಗೆ ಹೋಗಿದ್ದಳು, ರಾಮೇಶ್ವರಕ್ಕೆ ಹೋಗಿದ್ದಳು, ಶಿರಡಿ, ಅಜಂತಾ, ಊಟಿ ಎಲ್ಲ ಆಗಿತ್ತು. ಆದರೆ ಜನ ಇಳಿದು ನೋಡಲು ಹೋದಾಗ ಅವಳು ಪಾರ್ಕಿಂಗಿನಲ್ಲಿ ಸ್ಟವ್ ಹೊತ್ತಿಸುವಳು. ಅವರು ನೋಡಿ ಬರುವಷ್ಟರಲ್ಲಿ ಊಟ ಸಿದ್ಧವಿರಬೇಕು. ಕಾಶಿ ಹೇಗಿದೆ ಎಂದರೆ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತೆ ಎನ್ನುವಳು. ಅಜಂತಾ ಎಂದರೆ, ಅಯ್ಯೋ ಗಾಳಿ, ಸ್ಟವ್ ನಿಲ್ಲಲ್ಲ ಎನ್ನುವಳು. ಪ್ರಯಾಣದ ದಾರಿಯನ್ನಾದರೂ ನೋಡಿದಳೇ ಎಂದರೆ ಅದೂ ಇಲ್ಲ. ಅಡಿಗೆಯವರಿಗೆ ಸಿಗುವುದು ಹಿಂದಿನ ಸೀಟು, ಪಾತ್ರೆ ಮೂಟೆಗಳ ನಡುವೆ. ಮೂರು ಗಂಟೆಗೆ ಎದ್ದವಳು ಅಲ್ಲಿ ಕೂತ ತಕ್ಷಣ ನಿದ್ದೆ ಹೋಗುತ್ತಿದ್ದಳು.

ಹೋದ ವರ್ಷ ಮಂಡಿ ಕೈಕೊಟ್ಟಿತು. ಅಡಿಗೆ ಸಾಕು ಎಂದು ಹೇಳಿ ಕಳಿಸಿದಳು. ಈ ದೀಪಾವಳಿ ಕಳೆದ ಮೇಲೆ ನರೇಂದ್ರ ಸ್ವೀಟ್ ಬಾಕ್ಸ್ ಹಿಡಿದು ಬಂದ. "ಇಷ್ಟ್ ವರ್ಷ ಎಲ್ರಿಗೂ ಬೇಯಿಸಿ ಹಾಕಿದ್ರಿ. ಈ ಸಲ ನೀವು ಪ್ಯಾಸೆಂಜರ್ ಅಕ್ಕ. ಆಂಧ್ರದ ಅರಕು ಟೂರು. ಬೆಟ್ಟ, ಕಾಫಿ ತೋಟ, ಕಾಡು ಜನರ ಕುಣಿತ. ಬೊರ್ರಾ ಗುಹೆ ಅಂತ ಇದೆ, ಸಖತ್ತಾಗಿದೆ. ಏಳನೇ ನಂಬರ್ ಸೀಟು, ಕಿಟಕಿ ಪಕ್ಕ. ಗುಹೆನ ನಾನೇ ಕೈಹಿಡ್ದು ತೋರಿಸ್ತೀನಿ," ಎಂದ. ಅವನು ಹೋದ ಮೇಲೆ ಮಂಗಮ್ಮ ಬಚ್ಚಲಿಗೆ ಹೋಗಿ ಅತ್ತು ಮುಖ ತೊಳೆದುಕೊಂಡು ಬಂದಳು.

ಏಳನೇ ನಂಬರ್ ಸೀಟು ಸುಳ್ಳಾಗಲಿಲ್ಲ. ಅನ್ನವರಂ, ಸಿಂಹಾಚಲದವರೆಗೆ ಹೊಸ ಅಡಿಗೆಯವನು ಗೂಳಪ್ಪ ಮಾಡಿದ್ದನ್ನು ಕೂತಲ್ಲೇ ತಿಂದಳು. ಅವನು ಸಾರಿಗೆ ಪ್ಯಾಕೆಟ್ ಕೊಬ್ಬರಿ ಪುಡಿ ಹಾಕುತ್ತಿದ್ದ. ಆದರೂ ಯಾರೋ ಬಡಿಸಿದ ಊಟವೇ ಬೇರೆ. ಪಕ್ಕದ ಸೀಟಿನ ಶಾಂತಲಾ, ಜೆ.ಪಿ. ನಗರದ ರಿಟೈರ್ಡ್ ಟೀಚರು, "ಅವರೆಕಾಳು ಹುಳಿ ಯಾವತ್ತು ಮಂಗಮ್ಮನೋರೇ?" ಎಂದು ಕೇಳಿದ್ದರು. ತಮಾಷೆ ಇರಬೇಕೆಂದು ಇವಳೂ ನಕ್ಕಿದ್ದಳು. ಸಿಂಹಾಚಲದಲ್ಲಿ ಗೂಳಪ್ಪನಿಗೆ ಜ್ವರ ಬಂತೆಂದು ನರೇಂದ್ರ ಅವನನ್ನು ರೈಲು ಹತ್ತಿಸಿದ. ಜ್ವರ ಬಂದವನು ಹೊರಡುವ ಮುಂಚೆ ನಾಲ್ಕು ವಡೆ ತಿಂದಿದ್ದ.

ಅರಕುವಿನಲ್ಲಿ ನಿನ್ನೆ ಸಂಜೆ ಬೆಟ್ಟದ ಹೆಂಗಸರು ಒಬ್ಬರ ಸೊಂಟ ಒಬ್ಬರು ಬಳಸಿ ಡೋಲಿಗೆ ಸರಿಯಾಗಿ ಹೆಜ್ಜೆ ಹಾಕುತ್ತಿದ್ದರೆ ಮಂಗಮ್ಮನೂ ಸಾಲಿಗೆ ಸೇರಿದಳು, ಮಂಡಿಯನ್ನೇ ಮರೆತು. ಇವತ್ತು ಬೆಳಿಗ್ಗೆಯಂತೂ ಕಿಟಕಿಯಿಂದ ಮುಖ ತೆಗೆಯಲಿಲ್ಲ. ಬೆಟ್ಟದ ಮೈಗೆ ಮೆಟ್ಟಿಲು ಕೊರೆದ ಹಾಗೆ ಹೊಲ, ಒಂದರ ಕೆಳಗೆ ಒಂದು, ಅದರಲ್ಲಿ ಹಳದಿ ಹೂವು. "ಅಯ್ಯೋ, ಹುಚ್ಚೆಳ್ಳು ಕಣ್ರೀ!" ಎಂದು ಕೂಗಿಬಿಟ್ಟಳು. ಗೊಟ್ಟಿಗೆರೆಯಲ್ಲಿ ಈಗ ಅಪಾರ್ಟ್‌ಮೆಂಟಿನ ಗೇಟು ಇರುವ ಕಡೆ ಅವರದೇ ರಾಗಿ ಹೊಲದ ಅಂಚಿಗೆ ಇದೇ ಹೂವು ಇತ್ತು. ಇಡೀ ಬೆಟ್ಟಕ್ಕೆ ಅದನ್ನು ಚೆಲ್ಲಿದ್ದನ್ನು ನೋಡಿ ಅವಳಿಗೆ ಮೈ ಜುಮ್ಮೆಂದಿತು.

ಈಗ ಆ ಫಜೀತಿ.

"ನೆನ್ನೆ ಹೋಟ್ಲು ಊಟ ಯಾರಿಗೂ ಹಿಡಿಸ್ಲಿಲ್ಲ ಅಕ್ಕ. ಎಣ್ಣೆ, ಖಾರ. ಇಬ್ರಿಗೆ ಹೊಟ್ಟೆ ಕೆಟ್ಟಿದೆ, ಶುಗರ್ ಇರೋರು ಬೇರೆ ಇದಾರೆ. ಗೂಳಪ್ಪ ನೋಡಿದ್ರೆ ಹಿಂಗ್ ಮಾಡ್ದ. ಅನ್ನ, ಒಂದು ಹುಳಿ, ಅಷ್ಟೇ ಅಕ್ಕ. ಅರ್ಧ ಗಂಟೆ ಕೆಲ್ಸ. ಇವರನ್ನ ಒಳಗ್ ಬಿಟ್ಟು ನಾನ್ ಬಂದ್ಬಿಡ್ತೀನಿ, ನಿಮ್ಮನ್ನ ನಾನೇ ಕರ್ಕೊಂಡ್ ಹೋಗ್ತೀನಿ."

ಜನ ಆಗಲೇ ಗುಹೆಯ ಗೇಟಿನ ಕಡೆ ನಡೆಯುತ್ತಿದ್ದರು. ಶಾಂತಲಾ ತಿರುಗಿ ಕೈಬೀಸಿದರು. ಹಸಿದವರಿಗೆ ಇಲ್ಲ ಎನ್ನುವುದು ಮಂಗಮ್ಮನಿಗೆ ಗೊತ್ತಿರಲಿಲ್ಲ.

"ನಡಿ. ಎಷ್ಟೊತ್ತಿನ ಕೆಲ್ಸ," ಎಂದಳು.

ಡ್ರೈವರ್ ಹನುಮಯ್ಯ ಸಿಲಿಂಡರ್ ಇಳಿಸಿ ಸ್ಟವ್ ಹೊತ್ತಿಸಿಕೊಟ್ಟ. ಮಂಗಮ್ಮ ಶೂ ಬಿಚ್ಚಿ ಬಸ್ಸಿನ ಮೆಟ್ಟಿಲ ಮೇಲೆ ಜೋಡಿಸಿಟ್ಟಳು. ಶೂ ಹಾಕಿಕೊಂಡು ಅವಳು ಒಲೆಯ ಮುಂದೆ ನಿಲ್ಲುವವಳಲ್ಲ. ಆಚೆ ಕಡೆ ಬಿದಿರಿನ ಬೊಂಬಿನಲ್ಲಿ ಕೋಳಿ ತುಂಬಿ ಕೆಂಡದ ಮೇಲೆ ಸುಡುವ ಹೆಂಗಸರು ಸಾಲಾಗಿ ಕೂತಿದ್ದರು. ಹೊಗೆ ಇತ್ತ ಬರುತ್ತಿತ್ತು. ಅಕ್ಕಿ ತೊಳೆದಳು, ಬೇಳೆ ಇಟ್ಟಳು. ಮೂಟೆ ಬಿಚ್ಚಿದರೆ ಸುಲಿದ ಅವರೆಕಾಳು. ಗೂಳಪ್ಪ ಯಾವತ್ತೂ ಮುಟ್ಟದ ಅವರೆಕಾಳು. ಯಾಕೆ ತಂದಿದ್ದಾನೋ ಎಂದುಕೊಂಡಳು, ಅಷ್ಟೇ.

"ಹನುಮಯ್ಯ, ಕಾಯಿ ಯಾತರಲ್ಲಿ ತುರೀಲಿ?"

ಹನುಮಯ್ಯ ಡಿಕ್ಕಿಯ ಒಳಗೆ ಬಗ್ಗಿ ಒಂದು ಗಂಟನ್ನು ತೆಗೆದು ಅವಳ ಮುಂದೆ ಇಟ್ಟು, ಟೈರು ನೋಡುವವನ ಹಾಗೆ ಬಸ್ಸಿನ ಹಿಂದಕ್ಕೆ ಹೋಗಿಬಿಟ್ಟ.

ಗಂಟು ಕಟ್ಟಿದ ಬಟ್ಟೆ ಅವಳ ಮನೆಯದು. ಮಂಚದ ಮೇಲೆ ಹಾಸುತ್ತಿದ್ದ ನೀಲಿ ಚೌಕಳಿಯ ಹಳೆಯ ದುಪ್ಪಟಿ. ಬಿಚ್ಚುವ ಮೊದಲೇ ಒಳಗಿರುವುದೇನೆಂದು ಕೈಗೆ ತಿಳಿಯಿತು. ಈಳಿಗೆಮಣೆ. ಹಲಸಿನ ಮರದ್ದು, ಮುಂದುಗಡೆ ಬಾಗಿ ಮೇಲೆದ್ದ ಕಬ್ಬಿಣದ ಕತ್ತಿ, ಅದರ ತುದಿಗೆ ಕಾಯಿ ತುರಿಯುವ ಹಲ್ಲು. ಮುಂದಿನ ಒಂದು ಕಾಲು ಮುರಿದಾಗ ಗಂಡ ಬೋರಣ್ಣ ಬಾಗಿಲಿನ ಚೂರೊಂದನ್ನು ಮೊಳೆ ಹೊಡೆದು ಕೂಡಿಸಿದ್ದ. ಅದು ಒಂಚೂರು ಎತ್ತರವಾಗಿ, ಮಣೆ ಅಲ್ಲಿಂದಾಚೆಗೆ ಒಂದು ಕಡೆ ವಾಲಿಕೊಂಡೇ ಇತ್ತು. ಅಡಿಗೆ ಬಿಟ್ಟ ಮೇಲೆ ಅದನ್ನು ಅಟ್ಟದ ಮೇಲೆ ಇಟ್ಟವಳು ಅವಳೇ. ಅದು ಪಾತ್ರೆಗಳ ಜೊತೆ ಬಂದುಬಿಡುವ ಸಾಮಾನಲ್ಲ. ಯಾರಾದರೂ ಮನೆಗೆ ಹೋಗಿ, ಏಣಿ ಹಾಕಿ, ಅಟ್ಟದಿಂದ ಇಳಿಸಬೇಕು.

ಅವಳು ಸ್ಟವ್ ಸಣ್ಣ ಮಾಡಿ ಸೊಸೆಗೆ ಫೋನ್ ಮಾಡಿದಳು. ಎರಡು ಸಲ ಕಟ್ಟಾಗಿ ಮೂರನೇ ಸಲ ಸಿಕ್ಕಿತು.

"ಮಣೆ ಯಾರೇ ಕೊಟ್ಟಿದ್ದು, ಮುನಿಲಕ್ಷ್ಮಿ?"

"ನಾನೇ ಅತ್ತೆ. ನರೇಂದ್ರಣ್ಣ ಬಂದು ಇಸ್ಕೊಂಡ್ ಹೋದ್ರು. ನೀವೇ ಕೇಳಿದೀರಾ ಅಂದ್ರು?"

"ಯಾವತ್ತು?"

"ಸ್ವೀಟ್ ಕೊಟ್ರಲ್ಲ, ಅದರ ಮಾರನೇ ದಿನಾನೇ. ನೀವು ದೇವಸ್ಥಾನಕ್ಕೆ ಹೋಗಿದ್ರಿ. ಯಾಕತ್ತೆ? ಗುಹೆ ನೋಡಿದ್ರಾ?"

ಮಂಗಮ್ಮ ಫೋನ್ ಇಟ್ಟಳು. ಕೋಪ ಆಮೇಲೆ ಬಂತು. ಮೊದಲು ಬಂದದ್ದು ನಾಚಿಕೆ. ಬೀದಿಯವರಿಗೆಲ್ಲ ಹೇಳಿ ಬಂದಿದ್ದಳು, ಈ ಸಲ ಪ್ಯಾಸೆಂಜರ್ ಎಂದು. ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಕಿಟಕಿಯಲ್ಲಿ ಕೂತು ಹುಚ್ಚೆಳ್ಳು ಎಂದು ಕೂಗಿದ್ದಳಲ್ಲ, ಆಗ ಮುಂದಿನ ಸೀಟಿನಲ್ಲಿದ್ದ ನರೇಂದ್ರ ತಿರುಗಿ ನಕ್ಕಿದ್ದ. ಅವಳ ಕಾಲ ಕೆಳಗೇ, ಡಿಕ್ಕಿಯಲ್ಲಿ, ಮಣೆ ಇತ್ತು. ಶಾಂತಲಾ ತಮಾಷೆ ಮಾಡಿರಲಿಲ್ಲ. ಇಡೀ ಬಸ್ಸಿಗೆ ಗೊತ್ತಿತ್ತು, ಏಳನೇ ನಂಬರಿನವಳಿಗೆ ಬಿಟ್ಟು.

ಆದರೂ ಕಾಯಿ ತುರಿದಳು. ನೋವಿರುವ ಮಂಡಿಯನ್ನು ಮಡಚಿ ಮಣೆಯ ಮೇಲೆ ಕೂತು ಮೂರು ಕಾಯಿ ತುರಿದು, ರುಬ್ಬಿ, ಹುಳಿಗೆ ಹಾಕಿ ಕುದಿಸಿದಳು. ಒಗ್ಗರಣೆಯ ಘಮಕ್ಕೆ ಬಿದಿರು ಕೋಳಿಯ ಹೆಂಗಸರು ತಿರುಗಿ ನೋಡಿದರು. ಕಣ್ಣಲ್ಲಿ ನೀರು ಬಂದರೆ ಹೊಗೆ ಎಂದುಕೊಳ್ಳಲಿ ಎಂದು ಸೆರಗಿನಿಂದ ಒರೆಸಿಕೊಂಡಳು.

ನರೇಂದ್ರ ಎಲ್ಲರಿಗಿಂತ ಮುಂದಾಗಿ ಬಂದ. ಜನರನ್ನು ಒಳಗೆ ಬಿಟ್ಟು ಬಂದುಬಿಡುತ್ತೇನೆಂದವನು ಅವರು ಹೊರಗೆ ಬರುವ ಹೊತ್ತಿಗೇ ಬಂದಿದ್ದ.

"ಆಹಾ, ಗೇಟಿನ ತನಕ ವಾಸ್ನೆ ಅಕ್ಕ!"

"ಈ ಮಣೆ ಹೆಂಗ್ ಬಂತೋ ಇಲ್ಲಿಗೆ?"

ಅವನು ಮಣೆಯನ್ನು ನೋಡಿದ, ದುಪ್ಪಟಿಯನ್ನು ನೋಡಿದ. "ಅದು... ಎಮರ್ಜೆನ್ಸಿಗೆ ಇರ್ಲಿ ಅಂತ."

"ಸ್ವೀಟ್ ಕೊಟ್ಟ ಮಾರನೇ ದಿನಾನೇ ಎಮರ್ಜೆನ್ಸಿನಾ?"

ನರೇಂದ್ರ ಸುತ್ತ ನೋಡಿ ದನಿ ತಗ್ಗಿಸಿದ. "ಮುಂಚೆ ಹೇಳಿದ್ರೆ ನೀವು ಬರ್ತಿರ್ಲಿಲ್ಲ ಅಕ್ಕ. ಗೂಳಪ್ಪಂಗೆ ಮದುವೆ ಆರ್ಡರ್ ಇತ್ತು, ಸಿಂಹಾಚಲದ ತನಕ ಮಾತ್ರ ಬರ್ತೀನಿ ಅಂದ. ಜನ ಬುಕ್ ಮಾಡಿರೋದೇ ನಿಮ್ ಕೈ ಊಟ ಅಂತ. ನಾನೇನ್ ಮಾಡ್ಲಿ ಹೇಳಿ."

"ಕೇಳ್ಬೇಕಾಗಿತ್ತು."

"ಕೇಳಿದ್ರೆ ಮಂಡಿ ನೋವು ಅಂತಿದ್ರಿ."

"ಅಂತಿದ್ದೆ. ಅಂದ್ಕಂಡೇ ಬರ್ತಿದ್ದೆ ಕಣೋ. ನೀನ್ ಕರೆದು ನಾನ್ ಯಾವತ್ತು ಬರ್ದೇ ಇದ್ದೆ? ಅಡಿಗೆಗೆ ಬಾ ಅಂದಿದ್ರೆ ಈ ಮಣೆನ ನಾನೇ ಹೊತ್ಕಂಡ್ ಬರ್ತಿದ್ದೆ." ಅವಳು ಸೌಟನ್ನು ಕೆಳಗಿಟ್ಟಳು. "ಸೀಟು ಯಾಕೋ ಕೊಟ್ಟೆ? ಪ್ಯಾಸೆಂಜರ್ ಅಂತ ಯಾಕೋ ಅಂದೆ?"

ನರೇಂದ್ರನಿಗೆ ನಿಜಕ್ಕೂ ಸಂಕಟವಾಗಿತ್ತು. ಅದು ಅವನ ಮುಖದಲ್ಲಿ ಕಾಣುತ್ತಿತ್ತು. ಸಂಕಟವಾದವರು ಏನಾದರೂ ಕೊಟ್ಟು ಪಾರಾಗಲು ನೋಡುತ್ತಾರೆ. ಅವನು ಫೋನ್ ತೆಗೆದ. "ನಿಮ್ಗೋಸ್ಕರ ಪೂರ್ತಿ ವಿಡಿಯೋ ಮಾಡ್ಕೊಂಡ್ ಬಂದಿದೀನಿ ಅಕ್ಕ. ನೋಡಿ, ಇದು ಶಿವಲಿಂಗ. ಎಷ್ಟೊಂದು ಮೆಟ್ಲು ಗೊತ್ತಾ? ನಿಮ್ ಮಂಡಿಗೆ ಆಗ್ತಾನೇ ಇರ್ಲಿಲ್ಲ."

ಕೆಂಪು ಹಸಿರು ಬೆಳಕು, ಶಾಂತಲಾ ಅವರ ಬೆನ್ನು, ಯಾರದೋ ಟೋಪಿ. ಮಂಗಮ್ಮ ಫೋನನ್ನು ಅವನ ಕೈಗೇ ದೂಡಿದಳು.

"ನನ್ ಟಿಕೆಟ್ ಕೊಡು."

"ಅಕ್ಕ, ಟೈಮಿಲ್ಲ. ಕತ್ತಲಾಗೋದ್ರೊಳಗೆ ಘಾಟಿ ಇಳೀಬೇಕು."

"ಜೇಬಲ್ಲಿ ಐತೆ ಅಂದ್ಯಲ್ಲ. ಕೊಡು."

ಅವನ ಕೈ ಜೇಬಿನ ತನಕ ಹೋಗಿ ಅಲ್ಲೇ ನಿಂತಿತು. ಜೇಬಿನಲ್ಲಿ ಟಿಕೆಟ್ ಇರಲಿಲ್ಲ. ಅವಳ ಹೆಸರಿನದು ಅವನು ತೆಗೆದುಕೊಂಡೇ ಇರಲಿಲ್ಲ.

ಮಂಗಮ್ಮ ಬಸ್ಸಿನ ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಂಡಳು. ಲೇಸು ಕಟ್ಟಲು ಬಾರದೆ ಎರಡನ್ನೂ ಒಳಗೆ ತುರುಕಿದಳು. ಜನ ಬರತೊಡಗಿದ್ದರು. "ಬಡಿಸೋಣ್ವಾ ಮಂಗಮ್ಮನೋರೇ?" ಎಂದರು ಶಾಂತಲಾ. "ಅವ್ನು ಬಡಿಸ್ತಾನೆ ಮೇಡಂ. ಉಪ್ಪು ನೋಡಿವ್ನಿ, ಸರಿಯಾಗೈತೆ," ಎಂದು ಅವಳು ಗೇಟಿನ ಕಡೆ ನಡೆದಳು. ಹಿಂದಿನಿಂದ ನರೇಂದ್ರ ಅಕ್ಕ, ಅಕ್ಕ ಎಂದು ಕೂಗುತ್ತಿದ್ದ.

ಟಿಕೆಟ್ಟನ್ನು ತಾನೇ ಕೊಂಡಳು. ಮೆಟ್ಟಿಲುಗಳನ್ನು ಒಂದು ಕೈಯಲ್ಲಿ ಕಂಬಿ ಹಿಡಿದು, ಪಕ್ಕಕ್ಕೆ ತಿರುಗಿಕೊಂಡು ಇಳಿದಳು. ಬೆಟ್ಟವೇ ಬಾಯಿ ತೆರೆದಂತಿದ್ದ ದೊಡ್ಡ ಬಾಗಿಲು, ಒಳಗೆ ತಣ್ಣನೆ ಗಾಳಿ, ಬಾವಲಿಗಳ ವಾಸನೆ. ಮೇಲಿನಿಂದ ಒಂದು ಹನಿ ಕೈಮೇಲೆ ಬಿತ್ತು. ಕೈ ಇನ್ನೂ ತೆಂಗಿನಕಾಯಿ ವಾಸನೆ ಹೊಡೆಯುತ್ತಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಒಳಗೆ ಬಂದಿದ್ದಳು, ಖುಷಿಯಾಗಬೇಕಿತ್ತು, ಆಗಲಿಲ್ಲ. ಕೈ ಹಿಡಿದು ತೋರಿಸುತ್ತೇನೆ ಎಂದಿದ್ದನಲ್ಲ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು.

ಒಬ್ಬ ಗೈಡು ಒಂದು ತೆಲುಗು ಸಂಸಾರವನ್ನು ನಿಲ್ಲಿಸಿಕೊಂಡು ಟಾರ್ಚು ಬಿಟ್ಟು ಕಲ್ಲುಗಳನ್ನು ತೋರಿಸುತ್ತಿದ್ದ. ಇವಳೂ ಹಿಂದೆ ಹೋಗಿ ನಿಂತಳು. ಅಷ್ಟು ತೆಲುಗು ಗೊಟ್ಟಿಗೆರೆಯ ಅರ್ಧ ಊರಿಗೆ ಬರುತ್ತದೆ. ಇದು ಆನೆ ಎಂದ, ಆನೆ ಕಂಡಿತು. ಇದು ತಾಯಿ, ಸೊಂಟದಲ್ಲಿ ಮಗು ಎಂದ, ಎಲ್ಲರೂ ಹೌದು ಹೌದು ಎಂದರು. ಆಮೇಲೆ ಬೆಳಕನ್ನು ಮೂಲೆಯ ಒಂದು ಕಲ್ಲಿನ ಮೇಲೆ ಹಾಯಿಸಿ, ಇದೇನು ಹೇಳಿ ನೋಡೋಣ ಎಂದು ಮಕ್ಕಳನ್ನು ಕೇಳಿದ. ಕೆಳಗೆ ಅಗಲವಾಗಿ, ಒಂದು ಕಡೆಗೆ ಸ್ವಲ್ಪ ವಾಲಿ ಕೂತ ಕಲ್ಲು. ಅದರ ಮುಂಭಾಗದಿಂದ ತೆಳ್ಳಗೆ ಬಾಗಿ ಮೇಲೆದ್ದ ಕತ್ತು.

ಮಕ್ಕಳಿಗೆ ಹೊಳೆಯಲಿಲ್ಲ. ಗೈಡು ಮಂಗಮ್ಮನ ಕಡೆ ತಿರುಗಿದ. "ಮೀರು ಚೆಪ್ಪಂಡಮ್ಮ."

"ಈಳಿಗೆಮಣೆ," ಎಂದಳು ಮಂಗಮ್ಮ.

ಅವನಿಗೆ ಆ ಮಾತು ಅರ್ಥವಾಗಲಿಲ್ಲ. ನಕ್ಕು, "ನಾಗುಪಾಮು ಅಮ್ಮಾ, ಪಡಗ ಎತ್ತಿಂದಿ," ಎಂದು ಕೈಯನ್ನು ಹೆಡೆಯ ಹಾಗೆ ಎತ್ತಿ ತೋರಿಸಿದ. ಮಕ್ಕಳು ಹಾವು ಹಾವು ಎಂದು ಕಿರುಚಿಕೊಂಡು ಅವನ ಹಿಂದೆ ಓಡಿದರು. ಟಾರ್ಚು ಅವರ ಜೊತೆ ಮುಂದೆ ಹೋಯಿತು. ಕಲ್ಲು ಕತ್ತಲಾಯಿತು. ಮಂಗಮ್ಮ ತುರುಕಿದ್ದ ಲೇಸು ಹೊರಗೆ ಬಂದು ನೆಲಕ್ಕೆ ಎಳೆಯುತ್ತಿದ್ದ ಶೂಗಳಲ್ಲಿ, ಅದು ಇದ್ದ ಕಡೆಗೇ ನೋಡುತ್ತ ನಿಂತಿದ್ದಳು.