ಗೇಟು ತೆರೆದರೆ ಒಡೆಯುವ ಸಂಖ್ಯೆ

ಗೊಳಸಂಗಿ ಕಡೆಯ ಒಂದು ಹೈಸ್ಕೂಲಿನಲ್ಲಿ ಭುವನೇಶ್ವರಿ ಗಣಿತ ಕಲಿಸುತ್ತಿದ್ದಳು. ಅದುವರೆಗಿನ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಸಿಕ್ಕಿತೆಂಬ ಸುದ್ದಿ ಓದಿದ ದಿನ ಅವಳಿಗೆ ಊಟ ರುಚಿಸಲಿಲ್ಲ. ಒಂದರಿಂದ ಮತ್ತು ತನ್ನಿಂದ ಬಿಟ್ಟರೆ ಇನ್ನಾವುದರಿಂದಲೂ ಭಾಗವಾಗದ ಅಷ್ಟು ದೊಡ್ಡ ಸಂಖ್ಯೆ! ಗಣಿತ ದಿನಕ್ಕೆ ಅದು ಶಾಲೆಯ ಗೋಡೆ ಮೇಲೆ ಬರಲೇಬೇಕೆಂದು ಹಟ ಹಿಡಿದಳು.

ಬಸವನ ಬಾಗೇವಾಡಿಯಿಂದ ಪೇಂಟರ್ ಬಾಬುಲಾಲ ಬಂದ. ಸಿಮೆಂಟಿನ ಜಾಹೀರಾತು ಬರೆದು ಪಳಗಿದ ಕೈ. ಸಣ್ಣದಾಗಿ ಬರೆಯುವುದು ಅವನಿಗೆ ಅವಮಾನ. ಆಳೆತ್ತರದ ಅಂಕಿ ಹಾಕುತ್ತ ಹೋದ. 8816943275 ಬರೆಯುವಷ್ಟರಲ್ಲಿ ಗೋಡೆ ಮುಗಿದು ಗೇಟು ಬಂತು.

"ಟೀಚರ್, ಇನ್ನ ಎಷ್ಟ ಉಳದಾವ್ರಿ?"

"ನಾಕು ಕೋಟಿ ಚಿಲ್ರಿ."

ಬಾಬುಲಾಲ ಬ್ರಶ್ ಕೆಳಗಿಟ್ಟ. "ಹಿಂಗ ಬರಕೋಂತ ಹೋದ್ರ ಮುದ್ದೇಬಿಹಾಳ ದಾಟಿ ಸಮುದ್ರದಾಗ ಬ್ರಶ್ ಅದ್ದಬೇಕಾಕೈತ್ರಿ."

"ಆದಷ್ಟ ಬರಿ" ಎಂದಳು ಭುವನೇಶ್ವರಿ. ಗೇಟಿನಾಚೆ ಕಾಶಿಬಾಯಿಯ ಮನೆ. ಶಾಲೆಯ ಕೆಲಸವೆಂದು ಮುದುಕಿ ಸಂತೋಷದಿಂದ ತನ್ನ ಗೋಡೆ ಕೊಟ್ಟಳು. ಆದರೆ ಮುಂದಿನ ಅಂಕಿ ಸೊನ್ನೆ.

"ಸಾಲಿ ಗ್ವಾಡಿ ಮ್ಯಾಲ ಎಂಟು, ಒಂಬತ್ತು! ನನ್ನ ಗ್ವಾಡಿಗೆ ಸೊನ್ನಿ?" ಕಾಶಿಬಾಯಿ ಸೆರಗು ಸಿಕ್ಕಿಸಿದಳು.

"ಅದರ ನಡು ಹಿಸುಕಿ ಎಂಟು ಮಾಡ್ಲೇನ್ರಿ?" ಎಂದ ಬಾಬುಲಾಲ.

"ಒಂದ ಅಂಕಿ ಬದಲಾದ್ರ ಅದು ಬ್ಯಾರೇನ ಸಂಖ್ಯಾ! ಭಾಗ ಆಗಿ ಒಡಿತೈತೋ ಇಲ್ಲೋ ನೋಡಾಕ ಮತ್ತ ದೊಡ್ಡ ದೊಡ್ಡ ಕಂಪ್ಯೂಟರ್ ಹಚ್ಚಬೇಕು!" ಭುವನೇಶ್ವರಿಗೆ ಅಳುವೇ ಬಂತು.

ಕೊನೆಗೆ ಬಾಬುಲಾಲ ಸೊನ್ನೆಯ ಸುತ್ತ ಕಿರಣ ಎಳೆದು, ಒಳಗೆ ಮೀಸೆ ಬರೆದು ಸೂರ್ಯನನ್ನು ಮಾಡಿದ. ಕಾಶಿಬಾಯಿ ಅವನಿಗೆ ಚಹಾ ಕೊಟ್ಟಳು.

ರಾತ್ರಿಯೆಲ್ಲ ಯೋಚಿಸಿದ ಭುವನೇಶ್ವರಿ ಬೆಳಿಗ್ಗೆ ಶಾಲೆಯ ಗೋಡೆಗೆ ಸುಣ್ಣ ಬಳಿಸಿದಳು. ಆ ಸಂಖ್ಯೆಗೆ ಒಂದು ಚಿಕ್ಕ ರೂಪವೂ ಇತ್ತು: ಹದಿಮೂರು ಕೋಟಿಗೂ ಹೆಚ್ಚು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಆಯಿತು. ಬಾಬುಲಾಲ ಆನೆಯಂಥ ಎರಡು ಬರೆದು, ಅದರ ತಲೆ ಮೇಲೆ 136279841 ಕೂರಿಸಿದ. ಮತ್ತೆ ಗೋಡೆ ಮುಗಿಯಿತು.

"ಕಳೆ ಒಂದು ಎಲ್ಲಿ?" ಭುವನೇಶ್ವರಿ ಚೀರಿದಳು.

"ಒಂದ ಒಂದು ಅಲ್ಲೇನ್ರಿ, ಬಿಡ್ರಿ. ಕೋಟಿಗಟ್ಟಲೆ ಅದಾವ."

"ಆ ಒಂದು ಕಳೀಲಿಲ್ಲಂದ್ರ ಎರಡರಿಂದ ಭಾಗಿಸ್ಕೋಂತ ಹೋಗಬಹುದು! ಇಂಥಾ ಗಟ್ಟಿ ಸಂಖ್ಯಾ ಹುರಗಡ್ಲಿ ಪುಟಾಣಿ ಹಂಗ ಹೋಳ ಆಕೈತಿ!"

ಇಬ್ಬರೂ ಆಸೆಯಿಂದ ಕಾಶಿಬಾಯಿಯ ಗೋಡೆ ನೋಡಿದರು.

"ನಿನ್ನಿ ಸೊನ್ನಿ ತಂದ್ರಿ, ಇವತ್ತ ಮೈನಸ್ಸಾ? ನಡೀರಿ ಆಕಡೆ!"

ಉಳಿದದ್ದು ಕಬ್ಬಿಣದ ಗೇಟು. ಬಾಬುಲಾಲ ಅದರ ಮೇಲೆ −1 ಬರೆದು, ಬಸ್ಸು ಹತ್ತಿ ಹೋದ.

ಗಣಿತ ದಿನ ಚಪ್ಪಾಳೆ ಬಿದ್ದವು. ಮರುದಿನದಿಂದ ಫಜೀತಿ. ಗೇಟು ತೆರೆದರೆ −1 ಒಳಗೆ ಹೋಗುತ್ತಿತ್ತು, ಸಂಖ್ಯೆ ಸಮಸಂಖ್ಯೆಯಾಗುತ್ತಿತ್ತು. ಭುವನೇಶ್ವರಿ ಪಾಠ ಬಿಟ್ಟು ಓಡಿ ಬಂದು ಗೇಟು ಹಾಕುತ್ತಿದ್ದಳು. ಹುಡುಗರಿಗೆ ಖುಷಿಯೋ ಖುಷಿ. ಅವಳ ಓಟ ನೋಡಲಾಗದೆ ಕಾಶಿಬಾಯಿ ತಾನೇ ಕಟ್ಟೆ ಮೇಲೆ ಕೋಲು ಹಿಡಿದು ಕೂತಳು. ಗಣಿತ ಅವಳಿಗೆ ಬೇಕಾಗಿರಲಿಲ್ಲ. ಗದರಿಸಲು ಜನ ಸಿಕ್ಕಿದ್ದರು.

ಒಂದು ದಿನ ಸಾಹೇಬರೊಬ್ಬರು ಶಾಲೆ ನೋಡಲು ಬಂದು, ಗೇಟು ದಬ್ಬಿ ಒಳಗೆ ಹೊರಟರು. ಕಾಶಿಬಾಯಿ ಕೋಲು ಅಡ್ಡ ಹಿಡಿದಳು.

"ಏ ಸಾಹೇಬ್ರ, ಹಾಕ್ರಿ ಅದನ್ನ! ಸಂಖ್ಯಾ ಒಡದೈತಿ, ಕಾಣಂಗಿಲ್ಲೇನ್ರಿ?"

ಸಾಹೇಬರು ಸುತ್ತಮುತ್ತ ನೋಡಿ, ಗೇಟು ಮೆಲ್ಲಗೆ ಹಾಕಿ ಕೈಕಟ್ಟಿ ನಿಂತರು.