ಬೆಳಗಾದರೆ ವಾಸಿ

ಸರ್ವಮಂಗಳ ಜಾರಿ ಬಿದ್ದದ್ದು ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಬಳಿ. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಚಾಮರಾಜನಗರದ ಡಾಕ್ಟರು ಮೊಣಕೈವರೆಗೆ ಪ್ಲಾಸ್ಟರ್ ಹಾಕಿ, ಆರು ವಾರ ಈ ಕೈಯಲ್ಲಿ ಒಂದು ಲೋಟವನ್ನೂ ಎತ್ತಕೂಡದು ಎಂದು ಹೇಳಿ ಕಳಿಸಿದರು. ಗುಂಡ್ಲುಪೇಟೆಯ ಮನೆಗೆ ಬಂದದ್ದೇ ತಡ, ಅತ್ತೆ ಚಿಕ್ಕಮಲ್ಲಮ್ಮ ಸೊಸೆಯ ಕೈ ನೋಡಿ ಗೊಳೋ ಎಂದು ಅತ್ತು, ದೇವರ ಪಟದ ಮುಂದೆ ನಿಂತು ಹರಕೆ ಹೊತ್ತಳು.

"ಮಾದಪ್ಪ, ನನ್ ಸೊಸೆ ಕೈ ವಾಸಿ ಮಾಡ್ಕೊಡಪ್ಪ. ನಿನ್ನೆಸರಲ್ಲಿ ಪರ ಮಾಡ್ತೀನಿ."

ಪರವೆಂದರೆ ಬೀದಿಯವರನ್ನೂ ನೆಂಟರನ್ನೂ ಕರೆದು ದೇವರ ಹೆಸರಲ್ಲಿ ಉಣ್ಣಿಸುವುದು. ಅನ್ನ, ಸಾರು, ಪಲ್ಯ, ಅದರ ಮೇಲೆ ಕಜ್ಜಾಯ. ಈ ಮನೆಯಲ್ಲಿ ಕಜ್ಜಾಯ ತಟ್ಟುವವಳು ಸರ್ವಮಂಗಳ ಒಬ್ಬಳೇ. ಬೇರೆ ಯಾರು ತಟ್ಟಿದರೂ ಎಣ್ಣೆಯಲ್ಲಿ ಒಡೆದುಹೋಗುತ್ತದೆ ಎಂದು ಅತ್ತೆ ಬೀದಿಯಲ್ಲೆಲ್ಲ ಹೊಗಳಿಕೊಂಡು ಬಂದಿದ್ದಳು. ಆ ಹೊಗಳಿಕೆ ಎಷ್ಟು ಅಗ್ಗದ್ದೆಂದು ಸೊಸೆಗೆ ಗೊತ್ತಿತ್ತು. ಹೊಗಳಿದವರು ಒಲೆಯ ಮುಂದೆ ಕೂರಬೇಕಾಗಿರಲಿಲ್ಲ.

ಪ್ಲಾಸ್ಟರಿನ ಅರ್ಧ ಆಯಸ್ಸೂ ಮುಗಿಯುವ ಮೊದಲೇ ಪರಕ್ಕೆ ಸೋಮವಾರವೆಂದು ದಿನ ಗೊತ್ತಾಯಿತು. ಹರಕೆಯನ್ನು ತಡಮಾಡಬಾರದಂತೆ. ಇವಳ ಕೈ ವಾಸಿಯಾಗಲೆಂದು ಹೊತ್ತ ಹರಕೆಗೆ ಇವಳ ಮುರಿದ ಕೈಯೇ ಕಜ್ಜಾಯ ತಟ್ಟಬೇಕು. ಇದರಲ್ಲಿ ನಗುವಂಥದ್ದು ಏನಾದರೂ ಇದೆಯೆಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

"ನಾಳೆ ತೆರಕಣಾಂಬಿ ಕಡೆ ಹೋಗನ," ಎಂದಿದ್ದ ಗಂಡ ವೃಷಭೇಂದ್ರಪ್ಪ, ಶನಿವಾರ ಬೆಳಗ್ಗೆ ಕಾಫಿ ಕುಡಿಯುತ್ತ. "ಅಲ್ಲಿ ನಾಟಿ ಕಟ್ಟು ಕಟ್ಟೋರು ಒಬ್ರವ್ರೆ. ಈ ಸುಣ್ಣದ ಗೋಡೆ ಕುಯ್ದಾಕಿ ಸೊಪ್ಪಿನ ಕಟ್ಟು ಕಟ್ಟುಸ್ಕಂಡು ಬಂದ್ರೆ, ಸೋಮ್ವಾರಕ್ಕೆ ಕೈಯಾಡ್ತದೆ ಬುಡು."

ಹೀಗಂದವನು ಹೋದ ವರ್ಷ ಬೆರಳಿಗೆ ಮುಳ್ಳು ಚುಚ್ಚಿದಾಗ ಮೂರು ದಿನ ಮಂಚ ಬಿಟ್ಟು ಇಳಿದಿರಲಿಲ್ಲ.

ಅದೇ ಮಧ್ಯಾಹ್ನ ಮಗಳು ನಯನಾ ನಡುಮನೆಯಲ್ಲಿ ಆಟ ಹರಡಿದಳು. ಕಾಲೇಜಿನ ಗೆಳತಿಯರಿಂದ ಕಲಿತು ಬಂದ ಆಟ. ಪ್ರತಿಯೊಬ್ಬರೂ ಒಂದೊಂದು ಪಾತ್ರವಾಗಬೇಕು, ನಯನಾ ಕತೆ ಹೇಳುತ್ತ ಹೋಗುತ್ತಾಳೆ, ಏನಾಯಿತೆಂದು ಇಪ್ಪತ್ತು ಮುಖದ ಡೈಸ್ ತೀರ್ಮಾನಿಸುತ್ತದೆ. ಪರಕ್ಕೆಂದು ಚಾಮರಾಜನಗರದಿಂದ ಬಂದಿದ್ದ ನಾದಿನಿಯ ಮಗ ಮೃತ್ಯುಂಜಯ ಆಗಲೇ ಯೋಧನಾಗಿದ್ದ.

"ಅಮ್ಮ, ನೀನು ವೈದ್ಯೆ ಆಗು. ವೈದ್ಯರಿಲ್ದೆ ಆಟ ನಡಿಯಲ್ಲ," ಎಂದಳು ನಯನಾ.

ಆ ದಿನ ಬೆಳಗ್ಗೆ ತಾಯಿಗೆ ಜಡೆ ಹೆಣೆದು, ಸೀರೆಯ ನೆರಿಗೆ ಹಿಡಿದುಕೊಟ್ಟವಳು ಅವಳೇ. ಜಡೆ ಸೊಟ್ಟಗಿತ್ತು. ಆದರೂ ಕೇಳದೆಯೇ ಹೆಣೆದಿದ್ದಳು. ಅದೊಂದೇ ಕಾರಣಕ್ಕೆ ಸರ್ವಮಂಗಳ ಚಾಪೆಯ ಮೇಲೆ ಕೂತಳು. ಚಿಕ್ಕಮಲ್ಲಮ್ಮ ಗೋಡೆಗೊರಗಿ ಅವರೆಕಾಯಿ ಬಿಡಿಸುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಒಬ್ಬ ರಾಕ್ಷಸ ಬಂದು ಯೋಧನಿಗೆ ಗದೆಯಲ್ಲಿ ಬಾರಿಸಿದ.

"ಏಟು ಎಲ್ಲಿಗೆ ಬಿತ್ತು? ಕೈಗಾ, ಕಾಲಿಗಾ?" ಎಂದು ಕೇಳಿದಳು ಸರ್ವಮಂಗಳ.

"ಕೈಕಾಲು ಅಂತೆಲ್ಲ ಇಲ್ಲ ಅಮ್ಮ. ಮೂವತ್ತು ಪಾಯಿಂಟ್ ಜೀವ ಇತ್ತು, ಈಗ ಒಂದು ಉಳೀತು."

"ಒಂದೇ ಉಳಿದೋನು ಕತ್ತಿ ಹೆಂಗೆ ಬೀಸ್ತಾವ್ನೆ?"

"ಒಂದಿದ್ರೂ ಮೂವತ್ತಿದ್ರೂ ಅಷ್ಟೇ ಜೋರಾಗಿ ಬೀಸ್ಬೋದು. ಸೊನ್ನೆ ಆದ್ರೆ ಮಾತ್ರ ಬೀಳೋದು."

ಬೀಳುವವರೆಗೂ ದುಡಿ, ಬಿದ್ದರೆ ಎಬ್ಬಿಸುತ್ತೇವೆ. ಈ ಲೆಕ್ಕವನ್ನು ಕಟ್ಟಿದವನು ತನ್ನ ಹೆಂಡತಿಯನ್ನು ನೋಡಿಯೇ ಕಟ್ಟಿರಬೇಕು ಎಂದುಕೊಂಡಳು ಸರ್ವಮಂಗಳ.

"ಆಮೇಲೆ ವಾಸಿಯಾಗೋದು ಹೆಂಗೆ?"

"ಒಂದು ರಾತ್ರಿ ಕಾಡಲ್ಲಿ ಮಲಗಿದ್ರೆ ಸಾಕು. ಬೆಳಗಾದ್ರೆ ಎಲ್ಲಾ ಪಾಯಿಂಟೂ ವಾಪಸ್."

ಚಿಕ್ಕಮಲ್ಲಮ್ಮ ತಲೆಯೆತ್ತಿದಳು. "ನಮ್ಮ ಮದ್ದೂರು ಕಾಡಂಗಿರೋ ಕಾಡಾ? ಆನೆ ತುಳುದ್ರೂ ಬೆಳಿಗ್ಗೆಗೆ ಎದ್ ಕೂತ್ಕತನಾ?"

"ಕೂತ್ಕೋತಾನೆ ಅಜ್ಜಿ!"

"ಬಲ್ ಚೆಂದಾಗದೆ ಕಣಮ್ಮಿ ಈ ಆಟ."

ಚೆಂದವಿರದೆ ಏನು. ಆ ಕಾಡಿನಲ್ಲಿ ಯೋಧನಿಗೆ ಗಂಜಿ ಕುಡಿಸುವವರಿಲ್ಲ, ಅವನ ರಕ್ತದ ಬಟ್ಟೆ ಒಗೆಯುವವರಿಲ್ಲ. ಬ್ರೆಡ್ಡು, ಕಿತ್ತಳೆಹಣ್ಣು ಹಿಡಿದು ನೋಡಲು ಬಂದು, ಇದೇ ರೀತಿ ಬಿದ್ದು ಕೈಯನ್ನೇ ಕಳೆದುಕೊಂಡವರ ಕತೆ ಹೇಳಿ ಹೋಗುವ ನೆಂಟರೂ ಇಲ್ಲ. ಪ್ಲಾಸ್ಟರಿನೊಳಗೆ ಬೆರಳು ಹೋಗದ ಜಾಗದಲ್ಲಿ ಎದ್ದ ನವೆಗೆ ಎಷ್ಟು ಪಾಯಿಂಟು? ಎಡಗೈಯಲ್ಲಿ ಉಣ್ಣುವಾಗ ಎದುರಿಗೆ ಕೂತವರು ಮುಖ ತಿರುಗಿಸಿದರೆ ಎಷ್ಟು ಹೋಗುತ್ತದೆ? ಮೈಯೇ ಇಲ್ಲದ ಗಾಯ ಬೆಳಗಾದರೆ ವಾಸಿಯಾಗುವುದೇನು ದೊಡ್ಡ ಮಾತು!

ಮುಂದಿನ ಏಟಿಗೆ ಯೋಧ ಬಿದ್ದ. ಚಿಕ್ಕಮಲ್ಲಮ್ಮ ಮೊರ ಪಕ್ಕಕ್ಕಿಟ್ಟು ಚಾಪೆಯ ಹತ್ತಿರಕ್ಕೆ ಸರಿದಳು. "ಅಯ್ಯೋ, ಎಬ್ಬುಸಮ್ಮಿ ನಮ್ಮ ಹೈದನ್ನ! ನೋಡ್ತಾ ಕೂತಿದ್ದೀಯಲ್ಲ!"

ಸರ್ವಮಂಗಳ ಎಡಗೈಯಲ್ಲಿ ಡೈಸ್ ಉರುಳಿಸಿದಳು. ಇಪ್ಪತ್ತೇ ಬಿತ್ತು. ಯೋಧ ಎದ್ದ, ರಾಕ್ಷಸ ಸತ್ತ, ಊರಿನವರು ಕುಣಿದಾಡಿದರು.

"ಈಗ ಊರಿಗೆಲ್ಲ ಊಟ," ಎಂದಳು ನಯನಾ.

"ಯೋಧನೇ ಅಡಿಗೆ ಮಾಡ್ಲಿ," ಎಂದಳು ಸರ್ವಮಂಗಳ. "ಎದ್ದವ್ನಲ್ಲ. ಊರಿಗೆಲ್ಲ ಅವನೇ ಕಜ್ಜಾಯ ತಟ್ಲಿ."

"ನಿನ್ಗೇನ್ ಬಂತಮ್ಮಿ?" ಚಿಕ್ಕಮಲ್ಲಮ್ಮ ಸಿಡಿದಳು. "ಈಗ್ ತಾನೆ ಜೀವ ಬಂದದೆ ಅವುನ್ಗೆ. ಒಲೆ ಮುಂದೆ ಕೂರ್ಸೀಯಾ? ಕರುಳಿಲ್ವಾ ನಿನ್ಗೆ?"

ಸರ್ವಮಂಗಳ ಪ್ಲಾಸ್ಟರ್ ಕೈಯನ್ನು ಮಡಿಲಿಂದ ಎತ್ತಿ ಚಾಪೆಯ ನಡುವೆ, ಡೈಸಿನ ಪಕ್ಕ ಇಟ್ಟಳು. ನಯನಾ ಅದನ್ನೇ ನೋಡಿದಳು. ಮೃತ್ಯುಂಜಯ ತಲೆ ತಗ್ಗಿಸಿದ.

"ಇದು ಆಟ ಕಣಮ್ಮಿ," ಎಂದು ಗೊಣಗಿ ಅತ್ತೆ ಮತ್ತೆ ಮೊರಕ್ಕೆ ಕೈ ಹಾಕಿದಳು.

ಅಷ್ಟರಲ್ಲಿ ವೃಷಭೇಂದ್ರಪ್ಪ ಒಳಗೆ ಬಂದ. "ಆಟೋದವ್ನಿಗೆ ಹೇಳ್ಬುಟ್ಟೆ. ಬೆಳಿಗ್ಗೆ ಬತ್ತನೆ. ಎದ್ದ ತಕ್ಷಣ ಹೊರಡ್ಬೇಕು."

"ನಾನು ಬರಲ್ಲ," ಎಂದಳು ಸರ್ವಮಂಗಳ. ಗಂಡನ ಕಡೆ ತಿರುಗಲಿಲ್ಲ. "ಅತ್ತೆ, ಅವತ್ತು ಮಾದಪ್ಪನ ಮುಂದೆ ಏನಂದ್ರಿ?"

"ಏನಂದೆ? ಕೈ ವಾಸಿ ಮಾಡ್ಕೊಡು, ಪರ ಮಾಡ್ತೀನಿ ಅಂದೆ."

"ವಾಸಿಯಾಯ್ತಾ?"

ಅತ್ತೆ ಇನ್ನೊಂದು ಅವರೆಕಾಯಿ ಬಿಡಿಸಿದಳು.

"ಮುರುದ್ ಕೈಲಿ ಕಜ್ಜಾಯ ತಟ್ಟಿ, ವಾಸಿಯಾಯ್ತಪ್ಪ ಉಣ್ಣು ಅಂತ ಎಡೆ ಇಟ್ರೆ ಮಾದಪ್ಪ ಉಣ್ತಾನಾ? ಇಡೋದಾದ್ರೆ ನೀವೇ ಇಡಿ. ದೇವ್ರಿಗೆ ಆ ಸುಳ್ಳು ನಾನು ಹೇಳಲ್ಲ."

"ಜನಕ್ಕೆಲ್ಲ ಕರ್ದಾಯ್ತಲ್ಲ!" ವೃಷಭೇಂದ್ರಪ್ಪ ದನಿ ಏರಿಸಿದ. "ಮುಖ ಎಲ್ಲಿಡನ?"

"ಜನಕ್ಕೆ ಹೇಳಿರೋರು ನೀವು, ದೇವ್ರಿಗೆ ಹೇಳಿರೋರು ಅತ್ತೆ. ಮೂಳೆ ನಂದು."

ಚಿಕ್ಕಮಲ್ಲಮ್ಮನ ಬೆರಳುಗಳು ಅವರೆಕಾಯಿಯ ಮೇಲೆ ನಿಂತವು. ಸೊಸೆಯ ಮೂಳೆಗೆ ಅವಳು ಹೆದರುವವಳಲ್ಲ, ಬೀದಿಯ ಬಾಯಿಗೂ ಅಷ್ಟಕ್ಕಷ್ಟೆ. ಆದರೆ ಮಾದಪ್ಪನಿಗೆ ಸುಳ್ಳಿನ ಎಡೆ ಇಡುವಷ್ಟು ಧೈರ್ಯ ಅವಳ ಏಳು ತಲೆಮಾರಿನಲ್ಲಿ ಯಾರಿಗೂ ಇರಲಿಲ್ಲ.

"ಪೋನ್ ಮಾಡು ಕಣ್ಲಾ," ಎಂದಳು ಕೊನೆಗೆ ಮಗನಿಗೆ. "ಪರ ಮುಂದಕ್ಕೋಯ್ತು ಅನ್ನು. ಸೊಸೆ ಒಲ್ಲೆ ಅಂದ್ಳು ಅಂತ್ಲೇ ಹೇಳು. ನನ್ನೆಸರ್ ಎತ್ಬೇಡ."

ಇಷ್ಟನ್ನಾದರೂ ಬಿಟ್ಟುಕೊಟ್ಟಳಲ್ಲ ಎಂದು ಕೃತಜ್ಞತೆ ತೋರಿಸಬೇಕಾಗಿತ್ತೋ ಏನೋ. ಸರ್ವಮಂಗಳ ತೋರಿಸಲಿಲ್ಲ. ವೃಷಭೇಂದ್ರಪ್ಪ ಜಗಲಿಗೆ ಹೋಗಿ, ಹೆಂಡತಿಯ ಹಟವನ್ನು ಒಬ್ಬೊಬ್ಬ ನೆಂಟನಿಗೂ ಫೋನಿನಲ್ಲಿ ಬಣ್ಣಿಸತೊಡಗಿದ. ಅವನ ದನಿಯಲ್ಲಿ ಏಟು ತಿಂದವನ ನೋವಿತ್ತು.

ನಯನಾ ಗಂಟಲು ಸರಿಮಾಡಿಕೊಂಡಳು. "ಸರಿ. ಎಲ್ರೂ ಮಲಗಿದ್ರು, ಬೆಳಗಾಯ್ತು. ಎಲ್ರಿಗೂ ವಾಸಿ. ಮುಂದಿನ ಊರಿಗೆ ಹೊರಡೋದು."

"ನೀವು ಹೊರಡಿ. ನನ್ನ ವೈದ್ಯೆಗೆ ಇನ್ನೂ ಬೆಳಗಾಗಿಲ್ಲ."

"ಹಂಗೆ ರೂಲ್ಸೇ ಇಲ್ವಲ್ಲ ಅತ್ತೆ," ಎಂದ ಮೃತ್ಯುಂಜಯ.

"ಇಲ್ದಿದ್ರೆ ಈಗ ಬರ್ಕೊ. ವೈದ್ಯೆ ಮಲಗಿರ್ತಾಳೆ. ಯೋಧ ಎದ್ದೋಗಿ ಕಾಫಿ ಕಾಯಿಸ್ಕೊಂಡ್ ಬರ್ತಾನೆ."

ಅವನು ನಕ್ಕ. ಅವಳು ನಗಲಿಲ್ಲ. ಅವನು ನಯನಾಳ ಮುಖ ನೋಡಿದ, ಅಜ್ಜಿಯ ಮುಖ ನೋಡಿದ, ಕೊನೆಗೆ ಪಂಚೆ ಸರಿಮಾಡಿಕೊಂಡು ಅಡುಗೆಮನೆಗೆ ಹೋದ. ಒಳಗೆ ಎರಡು ಪಾತ್ರೆ ಉರುಳಿದವು.

"ಅತ್ತೆ, ಗ್ಯಾಸ್ ಲೈಟರ್ ಎಲ್ಲಿಟ್ಟಿದ್ದೀರಿ?"

"ಡೈಸ್ ಹಾಕಿ ನೋಡು," ಎಂದಳು ಸರ್ವಮಂಗಳ, ಮತ್ತು ದಿಂಬನ್ನು ಎಡಗೈಯಲ್ಲಿ ಎಳೆದುಕೊಂಡು, ಪ್ಲಾಸ್ಟರ್ ಕೈಯನ್ನು ಅದರ ಮೇಲಿಟ್ಟು ಮಲಗಿದಳು.