ಸೀರೆ ಉಟ್ಟ ಸೀಬೆಕಾಯಿಗಳು

ಹೋದ ಮುಂಗಾರಿನಲ್ಲಿ ಕೋದಂಡರಾಮಯ್ಯನವರ ಸೀಬೆತೋಟದ ಅರ್ಧ ಫಸಲು ಗುಂಡಿ ಸೇರಿತ್ತು. ಹೊರಗಿನಿಂದ ನೋಡಿದರೆ ಚಿನ್ನದಂಥ ಹಣ್ಣು, ಕೊಯ್ದರೆ ಒಳಗೆ ಬಿಳಿ ಹುಳುಗಳ ಸಂತೆ. ಹಣ್ಣಿನ ನೊಣ ಯಾವಾಗ ಬಂದು ಮೊಟ್ಟೆ ಇಟ್ಟು ಹೋಯಿತೋ ಯಾರಿಗೂ ಕಂಡಿರಲಿಲ್ಲ. ದೊಡ್ಡಬಳ್ಳಾಪುರದಲ್ಲಿ ನಲವತ್ತು ವರ್ಷ ಮಗ್ಗದ ಸದ್ದಿನಲ್ಲೇ ಬದುಕಿ, ಇದ್ದ ಮಗ್ಗಗಳನ್ನೆಲ್ಲ ಮಾರಿ, ಮಾಕಳಿದುರ್ಗದ ದಾರಿಯಲ್ಲಿ ನೂರೈವತ್ತು ಗಿಡ ನೆಟ್ಟ ಮನುಷ್ಯ ಅವರು. ಈ ಸಲವೂ ಹುಳ ಬಿದ್ದರೆ ತೋಟ ಬಿಟ್ಟು ಕೈ ತೊಳೆದುಕೊಳ್ಳುವುದೇ ಸೈ ಎಂದು ಅವರಿಗೆ ಗೊತ್ತಿತ್ತು.

ಹಾಗಾಗಿ ತೋಟಗಾರಿಕೆ ಓದಿದ ಹುಡುಗಿ ಮೇಘನ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದರು. ಬಿದ್ದ ಹಣ್ಣನ್ನು ಆರಿಸಿ ಆಳವಾಗಿ ಹೂತರು. ಗಂಡು ನೊಣ ಹಿಡಿಯುವ ಡಬ್ಬಿಗಳನ್ನು ಕೊಂಬೆಗೆ ತೂಗುಹಾಕಿದರು. ಕೊನೆಗೆ ಮೇಘನ, "ಕಾಯಿ ನಿಂಬೆಹಣ್ಣಿನ ಗಾತ್ರ ಇದ್ದಾಗ್ಲೇ ಒಂದೊಂದಕ್ಕೂ ಚೀಲ ಕಟ್ಬಿಡಿ ಅಂಕಲ್. ಬಿಳಿ ಬಟ್ಟೇದು ಸಿಗುತ್ತೆ" ಎಂದಳು.

ಕಾಫಿ ತರುತ್ತಿದ್ದ ಹೆಂಡತಿ ವರಲಕ್ಷ್ಮಮ್ಮ ಅಲ್ಲೇ ನಿಂತರು. "ಬಿಳಿ ಬಟ್ಟೇನಾ? ಇನ್ನೂ ಜೀವ ಇರೋ ಕಾಯಿಗೆ ಬಿಳಿ ಬಟ್ಟೆ ಸುತ್ತೋರುಂಟೇನಮ್ಮ? ಶಾಂತಂ ಪಾಪಂ!"

ಅಟ್ಟದ ಮೇಲಿದ್ದ ಡ್ಯಾಮೇಜ್ ಸೀರೆಗಳೆಲ್ಲ ಕೆಳಗಿಳಿದವು. ಕೆಂಪು, ಗಿಳಿಹಸಿರು, ನವಿಲುಬಣ್ಣ. ಎರಡು ವಾರ ಹೊಲಿಗೆ ಮೆಷಿನ್ ತುಳಿದು ವರಲಕ್ಷ್ಮಮ್ಮ ಮೂರು ಸಾವಿರ ಚೀಲ ಹೊಲಿದರು. ನೇಯುವವರ ಮನೆಯವರಿಗೆ ಅಂಚಿಲ್ಲದ ಬಟ್ಟೆ ಕಂಡರಾಗದು. ಚೀಲಕ್ಕೂ ಕೆಳಗೆ ಎರಡು ಬೆರಳು ಅಂಚು ಬೇಕೆಂದರು, ಕುತ್ತಿಗೆಗೆ ಜರಿದಾರವೇ ಆಗಬೇಕೆಂದರು. ಗಂಡ ಏಣಿ ಹತ್ತಿ ಕಟ್ಟುತ್ತ ಹೋದರೆ ಇವರು ಕೆಳಗೆ ನಿಂತು ನೆರಿಗೆ ಸರಿಮಾಡಿಸಿದರು.

ನೊಣಗಳು ಬಂದವು, ಜರಿ ನೋಡಿದವು, ಹೋದವು. ಬಿಡದೆ ಬಂದವರು ಜನ. ಪಕ್ಕದ ತೋಟದ ಮುದುಕಿ ಅಮ್ಮಯಮ್ಮ ಬೇಲಿ ದಾಟಿ ಬಂದು ಗಲ್ಲದ ಮೇಲೆ ಕೈಯಿಟ್ಟುಕೊಂಡು, "ಎಷ್ಟ್ ಲಕ್ಷಣವಾಗವ್ರವ್ವ ನಿನ್ ಹೆಣ್ಮಕ್ಳು!" ಎಂದು ಲಟಿಕೆ ಮುರಿದಳು. ಸೀರೆ ನೇಯ್ದು ಊರೂರಿಗೆ ಕಳಿಸಿದ ಆ ಮನೆಯಲ್ಲಿ ಉಡಿಸುವುದಕ್ಕೊಂದು ಹೆಣ್ಣುಮಗು ಹುಟ್ಟಿರಲಿಲ್ಲ. ಗಂಡೂ ಹುಟ್ಟಿರಲಿಲ್ಲ. ಮುದುಕಿಯ ಮಾತು ವರಲಕ್ಷ್ಮಮ್ಮನ ಎದೆಗೆ ನೆಟ್ಟಗೆ ಇಳಿಯಿತು. ಮಾರನೆಯ ದಿನದಿಂದ ಸಂಜೆ ತೋಟದಲ್ಲಿ ಆರತಿ ಶುರುವಾಯಿತು. ಅರವತ್ತಕ್ಕೆ ಅರಳುಮರಳು ಅನ್ನುತ್ತಾರೆ, ಇವಳಿಗೆ ಐವತ್ತೈದಕ್ಕೇ ಬಂತಲ್ಲ ಎಂದು ಕೋದಂಡರಾಮಯ್ಯ ಹಣೆ ಚಚ್ಚಿಕೊಂಡರು.

ಹಣ್ಣು ಬಲಿತು ಬಣ್ಣ ತಿರುಗಿದ್ದು ಸರಿಯಾಗಿ ಆಷಾಢದ ನಡುವೆ. ಮೇಘನ ಒಂದು ಚೀಲ ಬಿಚ್ಚಿ ನೋಡಿ, "ಒಂದು ಚುಕ್ಕೆಯೂ ಇಲ್ಲ ಅಂಕಲ್! ಆದ್ರೆ ಮೂರು ದಿನದಲ್ಲಿ ಕೀಳ್ಬೇಕು. ಕೊಳೆತು ಬಿದ್ರೆ ಇಡೀ ಊರಿನ ನೊಣ ಇಲ್ಲೇ ಸಂಸಾರ ಹೂಡುತ್ತೆ" ಎಂದು ಎಚ್ಚರಿಸಿದಳು.

ವರಲಕ್ಷ್ಮಮ್ಮ ಏಣಿಯನ್ನು ಒಳಗಿಟ್ಟು ಬೀಗ ಹಾಕಿದರು. "ಆಷಾಢದಲ್ಲಿ ಯಾರಾದ್ರೂ ಹೆಣ್ಣು ಕೊಟ್ಟು ಕಳಿಸ್ತಾರೇನ್ರೀ? ಶ್ರಾವಣ ಬರ್ಲಿ."

"ಶ್ರಾವಣಕ್ಕೆ ಇನ್ನೂ ಹದಿನೈದು ದಿನ ಇದೆ ಕಣೇ! ಅಷ್ಟೊತ್ತಿಗೆ ಹೆಣ್ಣೂ ಇರಲ್ಲ, ಹಣ್ಣೂ ಇರಲ್ಲ!"

ಬೈದರು, ಬೇಡಿಕೊಂಡರು, ಒಂದು ಹೊತ್ತು ಊಟ ಬಿಟ್ಟರು. ಬೀಗದ ಕೈ ಸೆರಗಿನ ಗಂಟಿನಿಂದ ಕದಲಲಿಲ್ಲ. ಎರಡು ದಿನ ಹೋಯಿತು. ಮೂರನೆಯ ದಿನ ಬೆಳಿಗ್ಗೆ ಹಣ್ಣಿನ ವ್ಯಾಪಾರಿ ದೇವರಾಜ್ ಗೂಡ್ಸ್ ಆಟೊ ತಂದು ನಿಲ್ಲಿಸಿದಾಗ ಆಗಲೇ ಏಳೆಂಟು ಹಣ್ಣು ಸೀರೆ ಸಮೇತ ನೆಲಕ್ಕೆ ಬಿದ್ದಿದ್ದವು. ವಿಷಯ ಕೇಳಿ ದೇವರಾಜ್ ನಗಲಿಲ್ಲ. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ ಎಂದು ಬಲ್ಲ ಗಿರಾಕಿ ಅವನು.

"ಅಮ್ಮೋರೇ, ಇವ್ರನ್ನ ಹೆಣ್ಮಕ್ಳು ಅಂತ ಯಾರಂದೋರು? ಇವ್ರು ನಿಮ್ ಸೊಸೇರು. ಆಷಾಢದಲ್ಲಿ ಸೊಸೇರ್ನ ತವರಿಗೆ ಕಳಿಸ್ಲೇಬೇಕಲ್ವಾ? ಇಟ್ಕೊಂಡ್ರೆ ಅತ್ತೆಗೇ ಕೇಡು."

ವರಲಕ್ಷ್ಮಮ್ಮ ಯೋಚನೆಗೆ ಬಿದ್ದರು. "ಮಗನೇ ಇಲ್ದೆ ಸೊಸೆ ಎಲ್ಲಿಂದ ಬಂದ್ಳಪ್ಪಾ?"

"ಇವ್ರ್ ಯಾರು ಮತ್ತೆ?" ದೇವರಾಜ್ ಗಿಡಗಳ ಕಡೆ ಕೈ ಬೀಸಿದ. "ನೀವೇ ನೆಟ್ಟು, ನೀರುಣಿಸಿ, ಬೆಳೆಸಿದ ಹುಡುಗ್ರಲ್ವಾ?"

"ಒಬ್ಬೊಬ್ಬನಿಗೂ ಇಪ್ಪತ್ತಿಪ್ಪತ್ತು ಹೆಂಡ್ತೀರಾ?"

"ಹೂಂ ಕಣೇ, ಪುರಾಣದಲ್ಲಿಲ್ವಾ?" ಕೋದಂಡರಾಮಯ್ಯ ಬಾಯಿ ಹಾಕಿದರು. "ನಮ್ಮ ಹುಡುಗ್ರು ಸಾಕ್ತಾರೆ ಬಿಡು." ಹೇಳಿದ ಮೇಲೆ, ನಾನೇನಾ ಈ ಮಾತಾಡಿದ್ದು ಎಂದು ಅವರಿಗೇ ನಾಚಿಕೆಯಾಯಿತು. ಆದರೆ ಸೆರಗಿನ ಗಂಟು ಬಿಚ್ಚಿತ್ತು.

ಸಂಜೆಯೊಳಗೆ ಸೀರೆ ಸಮೇತವೇ ಕೊಯ್ಲು ಮುಗಿಯಿತು. ಒಂದೊಂದು ಕ್ರೇಟಿಗೂ ಅರಿಸಿನ ಕುಂಕುಮ ಹಚ್ಚಿ, ತುಂಡು ಮಲ್ಲಿಗೆ ಇಟ್ಟರು. ವರಲಕ್ಷ್ಮಮ್ಮ ಕಣ್ಣೊರೆಸಿಕೊಂಡು, "ಹುಷಾರಾಗಿ ಹೋಗ್ಬನ್ನಿ" ಎಂದರು. ಗಾಡಿ ತಿರುವು ದಾಟುವವರೆಗೂ ಕೋದಂಡರಾಮಯ್ಯ ಕೈ ಬೀಸುತ್ತಲೇ ಇದ್ದರು. ರಾತ್ರಿಗೆ ಫೋನ್ ಬಂತು: ಮೂರು ಸಾವಿರದಲ್ಲಿ ಒಂದಕ್ಕೂ ಹುಳವಿಲ್ಲ, ಒಳ್ಳೆಯ ರೇಟಿಗೆ ಅಷ್ಟೂ ಹೋಗಿದೆ. ತೋಟ ಉಳಿಯಿತು. ಅಂದು ಅವರು ಗೊರಕೆ ಹೊಡೆದು ನಿದ್ದೆ ಮಾಡಿದರು.

ಆಮೇಲಿನ ದಿನಗಳಲ್ಲಿ ವರಲಕ್ಷ್ಮಮ್ಮ ಆ ಸುದ್ದಿಯನ್ನೇ ಎತ್ತಲಿಲ್ಲ. ಮುಂದಿನ ಫಸಲಿಗೆಂದು ಹಾಡಿಕೊಳ್ಳುತ್ತ ಚೀಲ ಹೊಲಿಯುತ್ತಿದ್ದರು. ಅವರಿಗೆ ಎಲ್ಲವೂ ಸರಿಯಾಗಿಯೇ ಇತ್ತು. ಸರಿಯಿಲ್ಲದ್ದು ಕೋದಂಡರಾಮಯ್ಯನವರಿಗೆ. ಬೆಳಿಗ್ಗೆ ತೋಟಕ್ಕೆ ಹೋದರೆ ಬಣ್ಣವೇ ಇಲ್ಲದ ಕೊಂಬೆಗಳೇ ಕಣ್ಣಿಗೆ ಬೀಳುತ್ತಿದ್ದವು. ಗಿಡಗಳ ಮುಖ ನೋಡುವುದಕ್ಕೂ ಆಗುತ್ತಿರಲಿಲ್ಲ.

ಅಮಾವಾಸ್ಯೆ ಕಳೆಯಿತು. ಶ್ರಾವಣದ ಮೊದಲನೆಯ ದಿನ ಅವರು ತೋಟದ ನಡುವೆ ನಿಂತು ದೇವರಾಜ್‌ಗೆ ಫೋನ್ ಮಾಡಿದರು.

"ಶ್ರಾವಣ ಹುಟ್ತಲ್ಲಪ್ಪಾ."

"ಹೌದು ಯಜಮಾನ್ರೇ. ಮುಂದಿನ್ ಫಸಲು ಯಾವಾಗ?"

"ಅದಿರ್ಲಿ. ನಮ್ ಸೊಸೇರ್ನ ಯಾವಾಗ ಕಳಿಸ್ತೀರಾ?"

ದೇವರಾಜ್ ಗಟ್ಟಿಯಾಗಿ ನಕ್ಕ. ಕೋದಂಡರಾಮಯ್ಯ ಮತ್ತೊಮ್ಮೆ ಅದನ್ನೇ ಕೇಳಿದರು. ಅವನ ನಗು ತಾನಾಗಿಯೇ ನಿಂತಿತು.

"ಯಜಮಾನ್ರೇ, ನೀವೂ ಶುರು ಮಾಡಿದ್ರಾ? ಅವನ್ನ ಜನ ಉಪ್ಪು ಖಾರ ಹಚ್ಕೊಂಡು ಅವತ್ತೇ ತಿಂದ್..."

ಕೋದಂಡರಾಮಯ್ಯ ಗಾಬರಿಯಿಂದ ಫೋನಿಗೆ ಅಂಗೈ ಅಡ್ಡ ಹಿಡಿದರು. ಸುತ್ತಲೂ ನೋಡಿದರು. ಬೇಲಿಯ ಹತ್ತಿರಕ್ಕೆ ದಡದಡನೆ ನಡೆದುಹೋಗಿ, ಗಿಡಗಳಿಗೆ ಬೆನ್ನು ಮಾಡಿ ನಿಂತು, ದನಿ ತಗ್ಗಿಸಿ ಹೇಳಿದರು:

"ಮೆಲ್ಲಗೆ ಮಾತಾಡೋ ಲೇ. ಹುಡುಗ್ರು ಇಲ್ಲೇ ಅವ್ರೆ."